ಹುರಿಯದ ಸೋಯಾ

ಲಕ್ಷ್ಮೀ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಾಗ ಅವಳ ಸೀರೆಯ ಸೆರಗಿಗೆ ರಕ್ತ ಹತ್ತಿತ್ತು. ಅದು ಕೋಳಿಯ ರಕ್ತವೆಂದು ನೋಡಿದ ಕೂಡಲೇ ಗೊತ್ತಾಯಿತು. ಆದರೂ ಒಳಗೆ ಬಾ ಎನ್ನಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಒಂದನ್ನೊಂದು ಕುಕ್ಕಾಕತ್ತಾವ ಆಮ್ರಪಾಲಿ," ಎಂದಳು. "ಬಾಲದ ಕಡೆ ಪುಕ್ಕ ಕಿತ್ತು ಹುಣ್ಣ ಮಾಡ್ಯಾವ. ಎರಡು ಸತ್ತೂವು. ಒಂದ ಡಬ್ಬಿ ಪುಡಿ ಕೊಡ. ಯಾರಿಗೂ ಗೊತ್ತಾಗದಂಗ ಕಲಸ್ತೇನಿ."

ಪುಡಿ ಎಂದರೆ ಒಣಮೀನಿನ ಪುಡಿ. ಮೀನು ಎಂಬ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ ಅವಳು.

ನಾವಿಬ್ಬರೂ ಗೋಕಾಕದ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಮದುವೆಯಾಗಿ ಅವಳು ನಮ್ಮ ಮಮದಾಪುರಕ್ಕೇ ಸೊಸೆಯಾಗಿ ಬಂದಾಗ ನನಗಾದ ಖುಷಿ ಅವಳ ಗಂಡನಿಗೂ ಆಗಿರಲಿಕ್ಕಿಲ್ಲ. ಕೋಳಿ ಸಾಕುವ ವಿಚಾರ ಅವಳದು. ತರಬೇತಿಗೆ ಇಬ್ಬರೂ ಕೂಡಿಯೇ ಹೋಗಿ ಬಂದೆವು. ಅವಳ ಮಾವ ಗುರುಲಿಂಗಪ್ಪನವರ ಹೊಲದಲ್ಲಿ ಶೆಡ್ಡು ಎದ್ದಿತು. ಜಾಗ, ಕಾಳು ಅವರದು. ಮೈಮುರಿಯುವ ಕೆಲಸ ನನ್ನದು. ಕೋಳಿಯಲ್ಲಿ ಅರ್ಧ ಅರ್ಧ.

ಅವರದು ಲಿಂಗ ಕಟ್ಟಿದ ಮನೆ. ಮೊಟ್ಟೆ ಶೆಡ್ಡಿನಿಂದಲೇ ಗೋಕಾಕದ ಬಸ್ಸು ಹತ್ತಬೇಕು, ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಮೊಟ್ಟೆಯ ದುಡ್ಡು ಮಾತ್ರ ದಾಟಬಹುದು. ಅತ್ತೆ ಲಕ್ಕವ್ವ ಮೊದಲ ದಿನವೇ ಹೇಳಿದ್ದಳು: "ಕೋಳಿ ಕಾಳಿನ್ಯಾಗ ಮೀನ ಬೀಳಬಾರದು ನೋಡ್ರಿ. ನಾವು ರೊಟ್ಟಿಗೆ ಹಿಟ್ಟ ಬೀಸೂ ಗಿರಣ್ಯಾಗನ ಅದನ್ನೂ ಬೀಸ್ತೀರಿ."

ಆದರೆ ಬರೀ ಗೋವಿನಜೋಳ, ಶೇಂಗಾ ಹಿಂಡಿ, ಗೋಧಿ ಬೂಸಾ ತಿಂದ ಕೋಳಿ ಎಷ್ಟೆಂದು ಮೊಟ್ಟೆ ಇಟ್ಟೀತು? ಲಕ್ಷ್ಮೀಯೇ ದಾರಿ ಹುಡುಕಿದಳು. "ನಿಮ್ಮ ಮನ್ಯಾಗ ಕುಟ್ಟಿಸಿ ತಾ. ಗಿರಣಿಗೆ ತಾಗೂದಿಲ್ಲಲಾ, ಅತ್ತಿ ಮಾತು ಮುರದಂಗ ಆಗೂದಿಲ್ಲ," ಎಂದಳು. ವಕೀಲಿಕೆ ಮಾಡಬೇಕಿತ್ತು ಅವಳು. ನನ್ನ ಅವ್ವ ಕರೆವ್ವ ಸಂತೆಯಿಂದ ಒಣಮೀನು ತಂದು ಒರಳಲ್ಲಿ ಕುಟ್ಟಿ ಡಬ್ಬಿ ತುಂಬಿ ಕೊಡುತ್ತಿದ್ದಳು.

ಶೆಡ್ಡಿನ ನೆಲದ ಮೇಲೆ ತಾಡಪತ್ರಿ ಹಾಸಿ, ಕಾಳು ಸುರುವಿ, ಮೇಲೆ ಉಪ್ಪು, ಖನಿಜದ ಪುಡಿ, ಸುಣ್ಣದ ಕಲ್ಲಿನ ನುಚ್ಚು ಉದುರಿಸಿ, ಆ ಕಡೆ ಅವಳು ಈ ಕಡೆ ನಾನು ಕೂತು ಮೊಣಕೈ ತನಕ ಕೈ ಹಾಕಿ ಕಲಸುತ್ತಿದ್ದೆವು. ನಡುವೆ ರಾಶಿಯೊಳಗೆ ನಮ್ಮ ಕೈಗಳು ಒಂದಕ್ಕೊಂದು ಸಿಗುತ್ತಿದ್ದವು. ಆಗ ಅವಳು ನನ್ನ ಬೆರಳು ಹಿಡಿದು ಎಳೆದು ನಗುತ್ತಿದ್ದಳು. ಮೊಟ್ಟೆಯ ಸಿಪ್ಪೆ ಗಟ್ಟಿ, ಒಳಗಿನ ಹಳದಿ ಭಾಗ ಕೆಂಪಗೆ. ಗೋಕಾಕದ ಅಂಗಡಿಯವರು ನಮ್ಮ ಮೊಟ್ಟೆಯನ್ನೇ ಕೇಳಿ ಇಳಿಸಿಕೊಳ್ಳುತ್ತಿದ್ದರು.

ಒಂದು ಸಲ ಕುಟ್ಟಿದ ಪುಡಿಯಲ್ಲಿ ಮೀನಿನ ತಲೆಯೊಂದು ಇಡಿಯಾಗಿ ಉಳಿದುಬಿಟ್ಟಿತ್ತು. ಅದೇ ಲಕ್ಕವ್ವನ ಕಣ್ಣಿಗೆ ಬಿತ್ತು. ತೊಗರಿ ಕೇರಲು ಶೆಡ್ಡಿನ ನೆರಳಿಗೆ ಬಂದವಳು ಕಲಸಿಟ್ಟ ಕಾಳಿನ ರಾಶಿಯಿಂದ ಅದನ್ನು ಕಡ್ಡಿಯಿಂದ ಎತ್ತಿ ಹಿಡಿದು ನಮ್ಮಿಬ್ಬರನ್ನೂ ಕರೆದಳು.

"ಇದನ್ನ ಯಾರ ಹಾಕಿದ್ರು?"

ನಾನು ಲಕ್ಷ್ಮೀಯ ಮುಖ ನೋಡಿದೆ. ಅವಳು ನೆಲ ನೋಡಿದಳು.

"ನನಗ ಗೊತ್ತಿಲ್ರಿ ಅತ್ತಿ."

ನನ್ನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅಲ್ಲಿದ್ದವರಲ್ಲಿ ಮೀನು ತಿನ್ನುವ ಮನೆಯವಳು ನಾನೊಬ್ಬಳೇ. ಲಕ್ಕವ್ವ ಕೂಗಾಡಲೂ ಇಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. "ನಾಳಿಂದ ಕಾಳಿಗೆ ನೀ ಕೈ ಹಚ್ಚಬ್ಯಾಡವಾ," ಎಂದಳು ಮೆತ್ತಗೆ. "ಕಸಾ ಹೊಡದು, ನೀರಿಟ್ಟು ಹೋಗು."

ಮೈಯೆಲ್ಲ ಉರಿದು ಮನೆಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಲಕ್ಕವ್ವನಿಗೆ ಬಾಯಿಗೆ ಬಂದಂತೆ ಬೈಯುತ್ತ ಕೂತಾಗ ಅವ್ವ ಒಂದೇ ಮಾತು ಹೇಳಿದಳು: "ಸುಮ್ಮನ ನಿಂತಾಕಿ ನಿನ್ನ ಗೆಳತಿ. ಸಿಟ್ಟು ಯಾರ ಮ್ಯಾಲ ಐತಿ ಅಂತ ನೆಟ್ಟಗ ನೋಡಕೊ."

ಈಗ ಆ ಗೆಳತಿ ನನ್ನ ಬಾಗಿಲಲ್ಲಿ ನಿಂತು ಪುಡಿ ಕೇಳುತ್ತಿದ್ದಳು.

"ಈಗ ಏನ ಹಾಕಾಕತ್ತೀರಿ?" ಎಂದೆ.

"ನಮ್ಮ ಹೊಲದ ಸೋಯಾ. ಮಾವಾರು ಬೀಸಿ ಕೊಡಾಕತ್ತಾರ. ಮೀನಕಿಂತ ಜೋರ ಐತಿ ಅಂತಾರ."

"ಹುರದು?"

ಅವಳು ಸೆರಗಿನ ತುದಿ ತಿರುವಿದಳು.

ಹಸಿ ಸೋಯಾ ಕೋಳಿಗೆ ಅರಗುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಮೈ ಉಪವಾಸ ಬಿದ್ದಿರುತ್ತದೆ. ಹುರಿದೇ ಬೀಸಬೇಕು ಎಂದು ತರಬೇತಿಯಲ್ಲಿ ಇಬ್ಬರೂ ಕೇಳಿದ್ದೆವು. ಅದನ್ನು ಬರೆದುಕೊಳ್ಳುವ ಹೊತ್ತಿಗೆ ಇಬ್ಬರಿಗೂ ನಿದ್ದೆ ಬಂದು ಒಬ್ಬರನ್ನೊಬ್ಬರು ಚಿವುಟಿ ಎಬ್ಬಿಸಿದ್ದೂ ನೆನಪಿದೆ.

"ನಿನಗ ಗೊತ್ತಿತ್ತಲಾ?"

"ಹೇಳಿದ್ನಿ. ಕೋಳಿಗೆ ಯಾರರ ಹುರದ ಹಾಕ್ತಾರೇನು ಅಂತ ಮಾವಾರು ನಕ್ಕರು. ಸುಮ್ಮನಾದ್ನಿ."

ನನಗೆ ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು. ಮಾವನಿಗೆ ಎರಡನೆಯ ಸಲ ಒಂದು ಮಾತು ಹೇಳುವುದಕ್ಕಿಂತ ಸೆರಗಿನಲ್ಲಿ ಮೀನಿನ ಪುಡಿ ಮುಚ್ಚಿಕೊಂಡು ಹೋಗುವುದೇ ಇವಳಿಗೆ ಸುಲಭ. ಸಿಕ್ಕಿಬಿದ್ದರೆ ಹೇಗೂ ನಾನಿದ್ದೇನೆ. ಆದರೆ ಅಲ್ಲಿ ಕುಕ್ಕಿಸಿಕೊಳ್ಳುತ್ತಿದ್ದ ಕೋಳಿಗಳಲ್ಲಿ ಅರ್ಧ ನನ್ನವೇ. ಚಪ್ಪಲಿ ಮೆಟ್ಟಿಕೊಂಡೆ.

"ಡಬ್ಬಿ ಬ್ಯಾಡ. ನಡಿ."

ಶೆಡ್ಡಿನ ಸ್ಥಿತಿ ನೋಡಿ ಕಣ್ಣಲ್ಲಿ ನೀರು ಬಂತು. ಬೆನ್ನು ಬೋಳಾದ ಕೋಳಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಎಲ್ಲಕ್ಕಿಂತ ಮೊದಲು ಮೊಟ್ಟೆ ಇಟ್ಟಿದ್ದ ಕೆಂಪು ಕೋಳಿ ಮೂಲೆಯಲ್ಲಿ ಗೋಡೆಗೆ ಹುಣ್ಣು ತಾಗಿಸಿ ಮುದುಡಿ ಕೂತಿತ್ತು. ನಾನು ಎತ್ತಿಕೊಂಡರೆ ಒದರಲೂ ಇಲ್ಲ.

ಗುರುಲಿಂಗಪ್ಪ ಗಿರಣಿಯ ಹತ್ತಿರ ಸೋಯಾದ ಚೀಲ ಬಿಚ್ಚುತ್ತಿದ್ದರು. ಕೋಳಿ ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ.

"ಕಾಕಾ, ಸೋಯಾ ಹುರದ ಬೀಸಬೇಕ್ರಿ. ಹಸೀದು ಹೊಟ್ಟಿಗೆ ಹೋದ್ರೂ ಮೈಗೆ ಹತ್ತೂದಿಲ್ರಿ. ಹಸದು ಕುಕ್ಕಾಕತ್ತಾವ್ರಿ ಇವು."

ಅವರು ಒಂದು ಕಾಳು ಬಾಯಿಗೆ ಹಾಕಿ ಕಡಿದರು. ಕೋಳಿಯ ಬೆನ್ನು ನೋಡಿದರು.

"ಹೌದನು? ಹುರದ್ರ ಸಾಕೇನು? ಮೀನ ಬ್ಯಾಡ?"

"ಬ್ಯಾಡ್ರಿ."

"ಹಂಗಂದ್ರ ಹುರೀರಿ. ಅದೇನ ದೊಡ್ಡ ಕೆಲಸ?"

ಮುಗಿಯಿತು. ಇಷ್ಟೇ ಇತ್ತು ಅದು. ಇಷ್ಟಕ್ಕಾಗಿ ಎರಡು ಕೋಳಿ ಸತ್ತಿದ್ದವು. ಲಕ್ಕವ್ವ ನಮ್ಮ ಮಾತು ಕೇಳಿ ದೊಡ್ಡ ಕಡಾಯಿ ಹಿಡಿದು ಬಂದಳು, ಲಕ್ಷ್ಮೀ ಒಲೆಗೆ ಕಟ್ಟಿಗೆ ಇಟ್ಟಳು. ಗುರುಲಿಂಗಪ್ಪ ನನ್ನ ಕಡೆ ತಿರುಗಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

"ಇಷ್ಟ ತಿಳದಾಕಿ ಮೊದಲ ಇದನ್ನ ಹೇಳೂದ ಬಿಟ್ಟು ಮೀನ ಯಾಕ ಹಾಕಿದೆವಾ ಆಮ್ರಪಾಲಿ? ನಮ್ಮ ಮನಿ ನಿನಗ ಗೊತ್ತಿರಲಿಲ್ಲೇನು?"

"ಅದನ್ನ ಲಕ್ಷ್ಮೀ ಹೇಳ್ತಾಳ್ರಿ," ಎಂದೆ.

ಅತ್ತೆ ಮಾವ ಇಬ್ಬರೂ ಅವಳ ಕಡೆ ನೋಡಿದರು. ನಾನೂ ನೋಡಿದೆ. ನನಗೆ ಬೇರೆ ಏನೂ ಬೇಡವಾಗಿತ್ತು. 'ನಾವಿಬ್ಬರೂ ಹಾಕಿದೆವು' ಎಂದಿದ್ದರೆ ಅಲ್ಲೇ ಕೂತು ಎಂದಿನಂತೆ ರಾಶಿಗೆ ಕೈ ಹಾಕುತ್ತಿದ್ದೆ.

ಲಕ್ಷ್ಮೀ ಒಲೆ ಊದಿದಳು. ಹೊಗೆ ಹೊಕ್ಕ ಕಣ್ಣು ಒರೆಸಿಕೊಂಡಳು.

"ಕಡಾಯಿ ಕಾಯ್ತ್ರಿ ಅತ್ತಿ. ಸೋಯಾ ಕೊಡ್ರಿ," ಎಂದಳು.

ನಾನು ಕೆಂಪು ಕೋಳಿಯನ್ನು ಕೆಳಗೆ ಬಿಡಲಿಲ್ಲ. "ಕಾಕಾ, ನನ್ನ ಪಾಲಿನ ಕೋಳಿ ಒಯ್ತೇನ್ರಿ," ಎಂದೆ. "ಯಾಕವಾ, ಇನ್ನ ಸುಧಾರಸ್ತಾವಲಾ?" ಎಂದು ಅವರು ಗಾಬರಿಯಾದರು. ಲಕ್ಕವ್ವ ಒಳಗಿನಿಂದ ಬುಟ್ಟಿಗಳನ್ನು ತಂದು ನನ್ನ ಕೈಗೆ ಕೊಡದೆ ನೆಲದ ಮೇಲೆ ಇಟ್ಟಳು. ಗಾಯವಾದವನ್ನೇ ಮೊದಲು ಹಿಡಿದೆ.

ಮೊದಲ ಬುಟ್ಟಿ ಹೊತ್ತು ಬದುವಿನ ತನಕ ಬಂದಾಗ ಲಕ್ಷ್ಮೀ ಹಿಂದೆಯೇ ಓಡಿ ಬಂದಳು. ಅವಳ ಮೈಯೆಲ್ಲ ಹುರಿದ ಸೋಯಾದ ವಾಸನೆ.

"ಸಂಜೀಕ ಅತ್ತಿ ಮುಂದ ಹೇಳ್ತೇನಿ, ಖರೇನ ಹೇಳ್ತೇನಿ," ಎಂದು ಪಿಸುಗುಟ್ಟಿದಳು. ನಾನು ಬುಟ್ಟಿಯನ್ನು ಸೊಂಟಕ್ಕೆ ಇಳಿಸಿಕೊಂಡು ಮುಂದೆ ನಡೆದೆ. ಅವಳು ಬುಟ್ಟಿಯೊಳಗೆ ಇಣುಕಿ, ದನಿ ಇನ್ನೂ ತಗ್ಗಿಸಿ ಕೇಳಿದಳು: "ಇವಕ್ಕ ಪುಡಿ ಹಾಕ್ತೀಯೇನು?"

"ಮೀನ ಹಾಕ್ತೇನಿ," ಎಂದೆ. "ಎಲ್ಲಾರಿಗೂ ಕಾಣೂವಂಗ."

ಅವಳ ಬಾಯಿ ತೆರೆಯಿತು. ಏನೋ ಹೇಳುತ್ತಾಳೆಂದು ಹುಚ್ಚಿಯಂತೆ ನಾನು ಮತ್ತೆ ನಿಂತೆ. ಅಷ್ಟರಲ್ಲಿ ಶೆಡ್ಡಿನಿಂದ ಲಕ್ಕವ್ವ ಕರೆದಳು, "ಲಕ್ಷ್ಮೀ, ಸೋಯಾ ಸೀಯಾಕತ್ತೈತಿ!"

"ಬಂದ್ನಿರಿ ಅತ್ತಿ!" ಎಂದು ಲಕ್ಷ್ಮೀ ಇಡೀ ಹೊಲಕ್ಕೆ ಕೇಳುವಷ್ಟು ಗಟ್ಟಿಯಾಗಿ ಕೂಗಿ ಓಡಿದಳು.