ರಜೆಯ ದಿನದ ಹನ್ನೊಂದು ಅಂಗಿ

“ಇದೇನು ಇಸ್ತ್ರಿನೋ, ಎಮ್ಮೆ ಮಲಗಿ ಎದ್ದಿದ್ದೋ? ನಿಮ್ಮಮ್ಮನ ಕಸುಬನ್ನಾದ್ರೂ ನೆಟ್ಟಗೆ ಕಲೀಬಾರ್ದಾ?”

ದೊಡ್ಡ ಡಾಕ್ಟರು ಬಿಳಿ ಅಂಗಿಯನ್ನು ಅವಳ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಅದನ್ನು ಮೇಜಿನ ಮೇಲೆ ಎಸೆದು, ಕಾಫಿ ಲೋಟ ಹಿಡಿದುಕೊಂಡು ಒಳಗೆ ಹೋದರು. ಅವಳು ಅಂಗಿಗೆ ಮತ್ತೆ ನೀರು ಚಿಮುಕಿಸಿದಳು.

ಅವಳೂ ಡಾಕ್ಟರೇ. ಗೈಡ್ ಆದ ಇವರ ಕೈಕೆಳಗೆ ಶಸ್ತ್ರಚಿಕಿತ್ಸೆ ಕಲಿಯಲು ಸೇರಿ ಮೂರನೆಯ ವರ್ಷ. ಮೊನ್ನೆ ಒಬ್ಬ ಮುದುಕನ ತೂತುಬಿದ್ದ ಕರುಳು ಹೊಲಿದ ಕೈ ಇವತ್ತು ಇಸ್ತ್ರಿಪೆಟ್ಟಿಗೆ ಹಿಡಿದಿತ್ತು. ರಜೆ ಸಿಕ್ಕ ದಿನ ಗೈಡ್ ಮನೆಯಲ್ಲಿ ಚಾಕರಿ ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಆದರೆ ತಪ್ಪಿಸಿದವರು ಪಾಸಾದದ್ದನ್ನೂ ಯಾರೂ ಕಂಡಿಲ್ಲ. ಅವಳ ಪಾಲಿಗೆ ಇಸ್ತ್ರಿಯೇ ಬಂದದ್ದು ಅವಳದೇ ಪೆದ್ದುತನದಿಂದ. ಸೇರಿದ ದಿನ ಮನೆಯವರ ಕೆಲಸ ಕೇಳಿದಾಗ ಉಳಿದವರು ಡಾಕ್ಟರು, ಜಡ್ಜು ಅಂದರೆ ಇವಳು ಎದೆಯುಬ್ಬಿಸಿ, “ನಮ್ಮಮ್ಮ ಆಸ್ಪತ್ರೆ ಬಟ್ಟೆ ಒಗೀತಾಳೆ” ಅಂದಿದ್ದಳು.

ಆ ಅಮ್ಮ ಇವತ್ತು ಬರುವವಳಿದ್ದಳು. ಏಳು ತಿಂಗಳಾಗಿತ್ತು ಮುಖ ನೋಡಿ. ಮೂರು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು ಬಂದು, ಮಗಳ ಬಾಡಿಗೆ ಕೋಣೆ ನೋಡಿ, ಒಂದೂವರೆಯ ಬಸ್ಸಿಗೆ ವಾಪಸು. ಸಂಜೆ ಅಮ್ಮನಿಗೂ ಆಸ್ಪತ್ರೆಯಲ್ಲಿ ಪಾಳಿ. ಆ ಕೋಣೆಗೆ ಇಲ್ಲಿಯವರೆಗೆ ಇನ್ನೊಬ್ಬರು ಕಾಲಿಟ್ಟಿರಲಿಲ್ಲ. ಇದ್ದದ್ದು ಒಂದೇ ತಟ್ಟೆ ಅಂತ ನೆನಪಾಗಿ ನಿನ್ನೆ ಇನ್ನೊಂದು ತಂದಿಟ್ಟಿದ್ದಳು. ಡ್ಯೂಟಿ ಮುಗಿಸಿ ಬಂದಾಗ ಯಾರ ಜೊತೆಗಾದರೂ ನಾಲ್ಕು ಮಾತಾಡಬೇಕು ಅನ್ನಿಸುತ್ತದೆ. ಯಾರಿಗೆ ಫೋನ್ ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಚಪ್ಪಲಿಯಲ್ಲೇ ನಿದ್ದೆ ಹೋಗಿರುತ್ತಾಳೆ.

ಹನ್ನೊಂದಕ್ಕೆ ಫೋನ್ ಬಂತು.

“ಬಂದೆ ಕಣೇ. ಬೀಗ ಹಾಕಿದೆ. ಮೆಟ್ಲ ಮೇಲೆ ಕೂತಿದೀನಿ, ಮಂಡಿ ಹಿಡ್ಕೊಂಡ್ಬಿಡ್ತು.”

“ಎಷ್ಟು ದಿನದಿಂದ ಇದೆ ನೋವು? ಜ್ವರ ಬಂದಿತ್ತಾ?”

“ನಾನು ನಿನ್ನ ಪೇಷಂಟಲ್ಲ ಕಣೇ, ಅಮ್ಮ.”

ಅವಳಿಗೆ ನಾಚಿಕೆಯಾಯಿತು. “ಗೈಡ್ ಮನೇಗೆ ಕರ್ಸಿದಾರಮ್ಮ. ಸಹಿ ಹಾಕಿಸ್ಕೊಂಡು ಅರ್ಧ ಗಂಟೇಲಿ ಬಂದೆ.”

“ಮನೇಗೇ ಕರ್ಸಿದಾರಾ?” ಅಮ್ಮನ ದನಿ ಹಿಗ್ಗಿತು. “ಅವಸರ ಮಾಡ್ಬೇಡ. ದೊಡ್ಡೋರ ಹತ್ರ ನಾಲ್ಕು ಮಾತು ಕಲಿ.”

ಆ ಸಹಿಯೇ ಕೊರಳಿಗೆ ಬಿದ್ದ ಉರುಳು. ಮೂರು ವರ್ಷ ಮಾಡಿದ ಒಂದೊಂದು ಆಪರೇಷನ್ನನ್ನೂ ಕೇಸ್ ಪುಸ್ತಕದಲ್ಲಿ ಬರೆದು ಗೈಡ್ ಸಹಿ ಹಾಕಿಸಬೇಕು. ದಿನಾಂಕ, ಸ್ಥಳ, ಮಾಡಿದ ಕೆಲಸ, ಯಾರು ಮಾಡಿದ್ದು, ತೊಡಕು ಅಂತ ಕಾಲಂಗಳು. ನಾಳೆ ಕಚೇರಿಗೆ ಕೊಡದಿದ್ದರೆ ಪರೀಕ್ಷೆಯಿಲ್ಲ. ದೊಡ್ಡ ಡಾಕ್ಟರು ಅದರಲ್ಲಿ ಒಂದಕ್ಷರವನ್ನೂ ಓದುವವರಲ್ಲ. ಆದರೂ ಕೊನೆಯ ದಿನದವರೆಗೆ ಸತಾಯಿಸುತ್ತಾರೆ.

ಅಂಗಳದಲ್ಲಿ ಕಾರು ತೊಳೆಯುತ್ತಿದ್ದವನು ಅವಳ ಜೊತೆ ಓದುವವನೇ, ಎಲ್ಲರೂ ಅವನನ್ನು ಕರೆಯುವುದು ‘ಕನ್ನಡಕ’ ಅಂತ. ಫೋನಿನ ಮಾತು ಕೇಳಿಸಿಕೊಂಡು ಕಿಟಕಿಗೆ ಬಂದು ಪಿಸುಗುಟ್ಟಿದ. “ಹೋಗ್ಬಿಡು ಮಾರಾಯ್ತಿ, ಪಾಪ ನಿಮ್ಮಮ್ಮ.”

“ಸಹಿ?”

“ಹೌದಲ್ಲ. ಈ ಸೂಳೇಮಗನಿಗೆ ಅಮ್ಮ ಅಂತ ಯಾರೂ ಇರ್ಲಿಲ್ವಾ?” ಅಂದವನು ಒಳಗೆ ಕೆಮ್ಮಿದ ಸದ್ದಾದದ್ದೇ ತಡ ಬಕೆಟ್ಟಿನ ಹತ್ತಿರ ಓಡಿದ.

ಹನ್ನೆರಡಕ್ಕೆ ಅವಳೇ ಧೈರ್ಯ ಮಾಡಿದಳು. “ಸರ್, ಅಮ್ಮ ಬಂದು ಕಾಯ್ತಿದಾರೆ. ಈಗ್ಲೇ ಸಹಿ ಹಾಕಿದ್ರೆ...”

“ಇಲ್ಲಿಗೇ ಕರ್ಸು. ಪರದೆಗಳೆಲ್ಲ ಕೊಳೆಯಾಗಿದಾವೆ.” ತಮ್ಮ ಮಾತಿಗೆ ತಾವೇ ನಕ್ಕರು. “ಇನ್ನೂ ಐದು ಅಂಗಿ ಇದೆ, ಮುಗ್ಸು. ಊಟ ಆದ್ಮೇಲೆ ನೋಡೋಣ.”

ಹನ್ನೊಂದನೆಯ ಅಂಗಿ ಮಡಚುವಾಗ ಒಂದು ಇಪ್ಪತ್ತೈದು. ಮತ್ತೆ ಫೋನ್.

“ಬಸ್ ಹತ್ತಿದೆ ಕಣೇ. ಬೇಜಾರಾಗ್ಬೇಡ, ಇನ್ನೊಂದ್ಸಲ ಬಂದ್ರಾಯ್ತು. ಕೂತು ಕೂತು ಸಾಕಾಗಿ ನಿನ್ನ ಮೆಟ್ಲೆಲ್ಲ ಗುಡಿಸಿಟ್ಟಿದೀನಿ.”

ಅವಳು ಫೋನ್ ಕೆಳಗಿಟ್ಟಳು. ಅಳೋಣವೆಂದರೆ ಆ ದೊಡ್ಡ ಮನೆಯಲ್ಲಿ ಅವಳಿಗೊಂದು ಮೂಲೆಯಿರಲಿಲ್ಲ. ಇಸ್ತ್ರಿ ಮೇಜಿನ ಮೇಲೇ ಕೇಸ್ ಪುಸ್ತಕ ಬಿಚ್ಚಿ, ಕೊನೆಯ ಪುಟದಲ್ಲಿ ಇನ್ನೊಂದು ಸಾಲು ತುಂಬಿದಳು.

ದೊಡ್ಡ ಡಾಕ್ಟರು ತೇಗುತ್ತ ಬಂದು, ನಿಂತಲ್ಲೇ ಪುಟ ಮಗುಚಿ ಮಗುಚಿ ಸಹಿ ಹಾಕಿದರು. ಕೊನೆಯದಕ್ಕೂ ಹಾಕಿದರು. “ಹೊರಡು. ಮುಂದಿನ ರಜೆಗೆ ಪರದೆ.”

ಮರುದಿನ ಕಚೇರಿಯಲ್ಲಿ ಗುಮಾಸ್ತ ಪ್ರತಿ ಪುಟಕ್ಕೂ ಸೀಲ್ ಒತ್ತುತ್ತ ಹೋದವನು ಕೊನೆಯ ಪುಟದಲ್ಲಿ ನಿಂತ. ತುಸು ಗಟ್ಟಿಯಾಗಿಯೇ ಓದಿಕೊಂಡ.

“ಸ್ಥಳ, ಗೈಡ್ ಮನೆ. ಮಾಡಿದ ಕೆಲಸ, ಅವರ ಹನ್ನೊಂದು ಅಂಗಿಗಳಿಗೆ ಇಸ್ತ್ರಿ. ಯಾರು ಮಾಡಿದ್ದು, ನಾನೊಬ್ಬಳೇ. ತೊಡಕು...” ದನಿ ತಗ್ಗಿತು. “ತಾಯಿ ಎರಡು ಗಂಟೆ ಮೆಟ್ಟಿಲ ಮೇಲೆ ಕಾದು, ಮಗಳ ಮುಖ ನೋಡದೆ ಹಿಂತಿರುಗಿದರು.”

ಗುಮಾಸ್ತ ತಲೆಯೆತ್ತಿ ಅವಳನ್ನು ನೋಡಿದ.

“ಏನಮ್ಮಾ ಇದು? ಈ ಪುಟ ಹರ್ದು ಬೇರೆ ಬರ್ಕೊಂಡ್ ಬಾ. ಪರೀಕ್ಷೆ ಮಾಡೋರೂ ಅವರೇ, ಗೊತ್ತಲ್ಲ? ನಿನ್ನ ಮೂರು ವರ್ಷ ಮಣ್ಣು ಪಾಲಾಗುತ್ತೆ.”

“ಸಹಿ ಅವ್ರದ್ದೇ ಅಲ್ವಾ?”

“ಅವ್ರದ್ದೇ.”

“ಹಂಗಾದ್ರೆ ಸೀಲ್ ಒತ್ತಿ.”

ಸಾಲಿನಲ್ಲಿ ಅವಳ ಬೆನ್ನಿಗೇ ನಿಂತಿದ್ದ ಕನ್ನಡಕ ತನ್ನ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಅವನ ಹಿಂದಿದ್ದವರೂ ಸರಿದರು. ಅವಳು ತಿರುಗಿ ನೋಡಲಿಲ್ಲ. ಶಾಯಿಯ ಡಬ್ಬಿಯನ್ನು ಗುಮಾಸ್ತನ ಕೈ ಹತ್ತಿರ ತಳ್ಳಿ, ಅಲ್ಲೇ ನಿಂತಳು.