ಟವೆಲ್ಲಿನ ತುದಿ

ಕೊಳ್ಳೇಗಾಲದ ಮೈದಾನದಲ್ಲಿ ಫೈನಲ್ ಶುರುವಾಗುವ ಮೊದಲೇ ನನಗೆ ಸಿಟ್ಟು ಬಂದಿತ್ತು. ಬ್ಯಾನರಿನಲ್ಲಿ ನನ್ನ ಫೋಟೋ ಎಲ್ಲರಿಗಿಂತ ದೊಡ್ಡದಾಗಿತ್ತು. 'ನಮ್ಮೂರ ಹೆಮ್ಮೆ, ಕಬಡ್ಡಿ ಲೀಗ್ ಆಟಗಾರ ನಟರಾಜು'. ಫೋಟೋದ ಪಕ್ಕದಲ್ಲಿ ಕೈಮುಗಿದು ನಿಂತವನು ಪರಮೇಶ. ಯಳಂದೂರು ಕಡೆಯ ನಮ್ಮೂರ ತಂಡಕ್ಕೆ ಕ್ಯಾಪ್ಟನ್, ಪುಟ್ಟಮಲ್ಲಪ್ಪನವರ ಮಗ. ಅವರ ಗದ್ದೆಯಲ್ಲೇ ನನ್ನ ಅವ್ವ ಕಳೆ ಕಿತ್ತು ನಮ್ಮನ್ನು ಸಾಕಿದ್ದು. ಬೆಳಿಗ್ಗೆ ಹೊರಡುವಾಗಲೂ ಅವಳು, "ಬುದ್ದಿಯೋರ ಕೂಟ ಎದುರಾಡ್ಬ್ಯಾಡ ಕಣ ಮಗ" ಅಂದಿದ್ದಳು.

ನಾನು ಆಡುವುದು ಎಡ ಮೂಲೆಯಲ್ಲಿ. ನನ್ನ ಕೆಲಸ ಹಿಡಿಯುವುದು. ರೈಡರ್ ಬಂದಾಗ ಮೂಲೆಯವನೂ ಅವನ ಪಕ್ಕದವನೂ ಕೈ ಹಿಡಿದು ನಿಲ್ಲಬೇಕು. ಒಬ್ಬ ಕಾಲಿಗೆ ಬಿದ್ದರೆ ಇನ್ನೊಬ್ಬ ಮೇಲೆ ಬೀಳಬೇಕು. ಊರಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವನು ಪರಮೇಶ. ನಾವು ಕೈ ಹಿಡಿಯುತ್ತಿರಲಿಲ್ಲ. ಒಂದು ಟವೆಲ್, ಅದರ ಒಂದು ತುದಿ ಅವನಿಗೆ, ಇನ್ನೊಂದು ನನಗೆ.

"ಬೆವ್ರಿಗೆ ಕೈ ಜಾರ್ತದ ಕಣ್ಲಾ. ಟವಲ್ ಆದ್ರೆ ಜಾರಲ್ಲ" ಎಂದು ಪುಟ್ಟಮಲ್ಲಪ್ಪನವರೇ ಹೇಳಿಕೊಟ್ಟಿದ್ದರು. ನಾನು ನಂಬಿದೆ. ಪರಮೇಶನ ಬಲಗೈಯನ್ನು ಆಚೆಯವನು ಬರಿಗೈಯಲ್ಲೇ ಹಿಡಿಯುವುದನ್ನು ದಿನಾ ನೋಡಿಯೂ ನಂಬಿದೆ. ಆ ತಂಡದಲ್ಲಿ ನಮ್ಮ ಬೀದಿಯವನು ನಾನೊಬ್ಬನೇ.

ಲೀಗ್ ಕ್ಯಾಂಪಿನ ಮೊದಲ ದಿನ ಬ್ಯಾಗಿನಿಂದ ಟವೆಲ್ ತೆಗೆದುಕೊಂಡೇ ಮ್ಯಾಟಿಗೆ ಇಳಿದೆ. ಪಕ್ಕದವನು ಕೈ ಚಾಚಿದ. ನಾನು ಟವೆಲ್ಲಿನ ತುದಿ ಕೊಟ್ಟೆ. ಅವನು ಅದರಲ್ಲಿ ಮುಖ ಒರೆಸಿಕೊಂಡು ವಾಪಸ್ ಕೊಟ್ಟ. ಎಲ್ಲರೂ ನಕ್ಕರು. ನಾನು ಬೆವರಿನ ವಿಷಯ ವಿವರಿಸಿದೆ. ಕೋಚ್ ಮಾತ್ರ ನಗಲಿಲ್ಲ.

"ನಿಮ್ಮೂರಲ್ಲಿ ಎಲ್ಲರೂ ಹೀಗೇ ಆಡ್ತಾರಾ, ನೀನೊಬ್ಬನೇನಾ?"

ಉತ್ತರ ಬಾಯಿಗೆ ಬರುವ ಮೊದಲೇ ನನಗೆ ತಿಳಿಯಿತು. ಆವತ್ತಿನ ಸಿಟ್ಟು ಇನ್ನೂ ಆರಿಲ್ಲ. ಅದರಲ್ಲಿ ಪುಟ್ಟಮಲ್ಲಪ್ಪನವರ ಮೇಲಿನದೆಷ್ಟು, ನಂಬಿದ ನನ್ನ ಮೇಲಿನದೆಷ್ಟು ಎಂದು ಸರಿಯಾಗಿ ಹೇಳಲಾರೆ.

ಕೆಲವು ಸೀಸನ್ ಆಡಿದೆ. ಒಂಟಿಯಾಗಿ ಕಾಲು ಹಿಡಿಯುವುದರಲ್ಲಿ ಹೆಸರು ಬಂತು. ಆದರೆ ಪಕ್ಕದವನ ಕೈ ಹಿಡಿಯುವ ಮೊದಲು ಯಾವಾಗಲೂ ಒಂದು ಕ್ಷಣ ಹಿಂಜರಿಯುತ್ತಿದ್ದೆ. ಆ ಕ್ಷಣದಲ್ಲಿ ರೈಡರ್‌ಗಳು ತಪ್ಪಿಸಿಕೊಂಡರು. ಈ ಸಲ ಯಾವ ತಂಡವೂ ನನ್ನನ್ನು ತೆಗೆದುಕೊಳ್ಳಲಿಲ್ಲ. ಪರಮೇಶ ಫೋನ್ ಮಾಡಿ ಗೆಸ್ಟ್ ಪ್ಲೇಯರ್ ಆಗಿ ಬಾ ಅಂದಾಗ ಒಪ್ಪಿದ್ದು ಒಂದೇ ಕಾರಣಕ್ಕೆ. ಇಷ್ಟು ಜನರ ಮುಂದೆ ಅವನು ನನ್ನ ಕೈ ಹಿಡಿಯಬೇಕಿತ್ತು.

ಅವನು ಹಿಡಿಯಲಿಲ್ಲ. "ನೀನು ಒಂಟಿಯಾಗೇ ಇಡಿತೀಯಲ್ಲ, ಟೀವೀಲಿ ನೋಡಿವ್ನಿ. ನಾನ್ಯಾಕ್ಲಾ ಅಡ್ಡ?" ಎಂದು ನಕ್ಕು ಒಂದು ಮಾರು ದೂರ ನಿಂತ. ನಾನು ಒಂಟಿಯಾಗಿಯೇ ಹಿಡಿಯುತ್ತ ಬಂದೆ. ಜನ ಕೂಗಿದರು.

ಕೊನೆಯ ರೈಡ್. ಅಂಕ ಸಮ. ಎದುರು ತಂಡದ, ಹನೂರಿನ ರೈಡರ್ ಶಂಕರ್ ನನ್ನ ಮೂಲೆಗೇ ಬಂದ. ನಾನು ಬಗ್ಗಲಿಲ್ಲ. ಬಲಗೈ ಚಾಚಿ ನಿಂತೆ.

"ಇಡಿಲಾ ನಟರಾಜ!" ಪರಮೇಶ ಕಿರುಚಿದ.

"ನನ್ ಕೈ ಇಡ್ಕ."

"ಆಟ ಓಯ್ತದ ಕಣ್ಲಾ!"

"ಓಗ್ಲಿ. ಇಡ್ಕ."

ಅವನು ಹಲ್ಲು ಕಚ್ಚಿ ಹಿಡಿದ. ಅಂಗೈ ಬೆವೆತಿತ್ತು. ಜಾರಲಿಲ್ಲ. ನಾನು ಕಾಲಿಗೆ ಬಿದ್ದೆ, ಅವನು ಮೇಲೆ ಬಿದ್ದ. ಶಂಕರ್‌ಗೆ ಏಳಲಾಗಲಿಲ್ಲ. ರೆಫರಿ ಸೀಟಿ ಊದಿದ, ಗೆದ್ದೆವು.

ಹುಡುಗರು ನನ್ನನ್ನು ಹೊತ್ತು ಕುಣಿದು ಇಳಿಸಿದ ಮೇಲೆ ಪರಮೇಶನನ್ನು ಹುಡುಕಿದೆ. ಅವನು ಸ್ಟೇಜಿನ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಮಣ್ಣಿನ ಅಂಕಣ, ಎಲ್ಲರ ಕೈಯೂ ಮಣ್ಣೇ. ತೊಳೆಯುವುದು ತಪ್ಪಲ್ಲ, ನಾನೇ ಅನ್ಯಾಯವಾಗಿ ಯೋಚಿಸುತ್ತಿದ್ದೇನೆ ಎಂದುಕೊಂಡು ಹತ್ತಿರ ಹೋದೆ. ಅವನ ಬಲಗೈ ಮೊಣಕೈವರೆಗೆ ಮಣ್ಣಾಗಿಯೇ ಇತ್ತು. ಉಜ್ಜಿ ಉಜ್ಜಿ ತೊಳೆಯುತ್ತಿದ್ದುದು ಎಡಗೈಯನ್ನು ಮಾತ್ರ, ನನ್ನನ್ನು ಹಿಡಿದಿದ್ದ ಕೈಯನ್ನು.

ಆ ಕೈಯನ್ನೇ ಹಿಡಿದುಕೊಂಡೆ.

"ಏನ್ಲಾ? ಬುಡ್ಲಾ."

"ಬುಡಲ್ಲ."

"ಜನ ನೋಡ್ತಾವ್ರೆ ಕಣ್ಲಾ."

"ನೋಡ್ಲಿ."

ಅವನು ಎಳೆದ. ಸೊಂಟ ತಿರುಗಿಸಿ, ಕಾಲು ಊರಿ ಎಳೆದ. ಒದ್ದೆ ಕೈ ಜಾರಬೇಕಿತ್ತು, ಜಾರಲು ನಾನು ಬಿಡಲಿಲ್ಲ. ಒಮ್ಮೆ ಹಿಡಿದವನನ್ನು ಸೀಟಿ ಊದುವವರೆಗೆ ಬಿಡಬಾರದು. ನಲ್ಲಿಯ ಹತ್ತಿರ ಸೀಟಿ ಊದುವವರು ಯಾರೂ ಇರಲಿಲ್ಲ.