ಹದಿನಾಲ್ಕನೆಯ ಗವಿ

ಗುಳೇದಗುಡ್ಡದ ಶಿವಬಸವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಖರೆ. ಆದರೆ ಆ ಮಂಗಳವಾರ ಬಂದದ್ದು ಅಂಥ ಸಿಟ್ಟಲ್ಲ. ಹೊಟ್ಟೆಯೊಳಗಿಂದ ಎದ್ದು ಎದೆಗೆ ಬಂದು ಅಲ್ಲೇ ಕೂತುಬಿಟ್ಟಿತು. ಬರದೆ ಏನು ಮಾಡೀತು? ನೀವೇ ಕೇಳಿ.

ಬಾಗಲಕೋಟೆಯ ಬಸ್ ನಿಲ್ದಾಣದ ಎದುರಿಗೆ ಹುಲ್ಲಪ್ಪನ ಸೋಡಾ ಅಂಗಡಿ. ಎಂಬತ್ತೆಂಟರ ಬೇಸಿಗೆಯಲ್ಲಿ ಅವನು ಹುಬ್ಬಳ್ಳಿಯಿಂದ ಮೂರು ವಿಡಿಯೋ ಗೇಮ್ ಪೆಟ್ಟಿಗೆ ತಂದು ಗೋಡೆಗೆ ಸಾಲಾಗಿ ನಿಲ್ಲಿಸಿದ್ದ. ಒಂದರಲ್ಲಿ ಕೋಟೆಯ ಆಟ, ಒಂದರಲ್ಲಿ ಆಕಾಶದ್ದು, ಒಂದರಲ್ಲಿ ಗವಿಯದು. ಎಂಟಾಣೆ ಹಾಕಿದರೆ ಒಂದು ಆಟ. ಶಿವಬಸವ್ವ ಮಂಗಳವಾರಕ್ಕೊಮ್ಮೆ ಮನೆಯ ಮಗ್ಗದಲ್ಲಿ ನೇಯ್ದ ಕುಪ್ಪಸದ ಖಣದ ಗಂಟು ಹೊತ್ತು ಪೇಟೆಯ ಅಂಗಡಿಗೆ ಕೊಟ್ಟು ಬರುವವಳು. ತಿರುಗಿ ಹೋಗುವ ಬಸ್ಸಿಗೆ ಒಂದೂವರೆ ತಾಸು ಕಾಯಬೇಕು. ಮೊದಲ ದಿನ ನೆರಳಿಗೆಂದು ಒಳಗೆ ಬಂದಳು, ಎರಡನೆಯ ದಿನ ಸೋಡಾಕ್ಕೆ, ಮೂರನೆಯ ದಿನ ಆಟಕ್ಕೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿಕೊಳ್ಳಲಿ, ಇವಳಿಗೇನಾಗಬೇಕು!

ಎರಡು ತಿಂಗಳಲ್ಲಿ ಮೂರೂ ಪೆಟ್ಟಿಗೆಗಳ ಜಾತಕ ಅವಳಿಗೆ ಗೊತ್ತಾಯಿತು. ಗೊತ್ತಾದದ್ದನ್ನು ನುಂಗಿಕೊಂಡು ಕೂರುವ ಹೆಣ್ಣೂ ಅಲ್ಲ.

"ಹುಲ್ಲಪ್ಪಣ್ಣ, ನಿನ್ನ ಈ ಕ್ವಾಟಿ ಆಟ ಐತೆಲ್ಲ, ಇದು ಮೋಸಗಾರ ಐತಿ" ಎಂದಿದ್ದಳು ಒಂದು ದಿನ. "ನಾ ಒಂದ್ ಕುದರಿ ಎತ್ತಿ ಇಡೂದ್ರಾಗ ಅದು ಮೂರು ಕುದರಿ ಓಡಿಸಿರ್ತೈತಿ. ಗ್ವಾಡಿ ಹಿಂದ ಮಂದಿ ಅಡಗಿಸಿಟ್ರೂ ಅದಕ್ಕ ಕಾಣ್ತೈತಿ. ನಮ್ಮೂರ ಕಟ್ಟಿ ಮ್ಯಾಲೆ ಹುಲಿ-ಕುರಿ ಆಟದಾಗ ಹಿಂಗ್ ಮಾಡಿದ್ರ ಕಾಯಿ ಕಿತ್ತು ಒಗೀತಾರ."

"ಹಂಗಾರ ಆಕಾಶದ ಆಟ ಆಡ್ರಿ ಅಕ್ಕಾರ, ಎಲ್ಲಾರೂ ಅದನ್ನ ಆಡ್ತಾರ."

"ಎಲ್ಲಾರೂ ಆಡ್ತಾರಂತ ಅದು ಚಲೋ ಆತೇನು? ಮ್ಯಾಲಿಂದ ವಿಮಾನ ಬರ್ತಾವು, ಹೊಡೀಬೇಕು. ಮತ್ತ ಬರ್ತಾವು, ಮತ್ತ ಹೊಡೀಬೇಕು. ಮೊದಲ ಎರಡು ಎಡಕ್ಕ, ಆಮ್ಯಾಲೆ ಮೂರು ಬಲಕ್ಕ, ನಡುವ ಒಂದು ದೊಡ್ಡದು. ಖಣದ ಚಿತ್ತಾರ ಇದ್ಹಂಗ, ತಿರುಗಿ ತಿರುಗಿ ಅದ. ಇದನ್ನ ಕಣ್ಣು ಮುಚ್ಚಿ ಆಡ್ತೇನಿ ನಾ. ಇಷ್ಟು ದೊಡ್ಡ ಆಕಾಶ ಕೊಟ್ಟು, ಹಾರಾಕ ಮಾತ್ರ ಒಂದು ಗೇಣು ಜಾಗಾ! ಯಾರಿಗೆ ಬೇಕದು?"

ಮೂರನೆಯ ಪೆಟ್ಟಿಗೆ ಗವಿಯ ಆಟದ್ದು. ಒಬ್ಬ ಸಣ್ಣ ಮನುಷ್ಯ ಗವಿಗೆ ಇಳಿಯುತ್ತಾನೆ. ಕತ್ತಿ, ದೀಪ, ರೊಟ್ಟಿ, ಸಿಕ್ಕಿದ್ದನ್ನು ಆರಿಸಿಕೊಳ್ಳುತ್ತಾನೆ. ಒಂದು ಗವಿ ದಾಟಿದರೆ ಕೆಳಗೆ ಇನ್ನೊಂದು. ಸತ್ತರೆ ಮುಗಿಯಿತು, ಗಳಿಸಿದ್ದೆಲ್ಲ ಹೋಯಿತು. ಮತ್ತೆ ಎಂಟಾಣೆ ಹಾಕಿದರೆ ಹಳೆಯ ಗವಿ ಸಿಗುವುದಿಲ್ಲ. ಗೋಡೆ, ದಾರಿ, ಹಾವು, ಎಲ್ಲ ಬೇರೆ. ಗಂಡಸರು ಇದನ್ನು ಬೈಯುತ್ತಿದ್ದರು. ಶಿವಬಸವ್ವ ಇದಕ್ಕೆ ಮನಸೋತಿದ್ದಳು.

"ಇದೊಂದು ಖರೇ ಆಟ" ಅನ್ನುತ್ತಿದ್ದಳು. "ಬಾಯಿಪಾಠ ನಡಿಯೂದಿಲ್ಲ. ಮಗ್ಗದಾಗ ಎಳಿ ಹರಿದ್ರ ಗಂಟು ಹಾಕಿ ನಡಸ್ತೇವಿ. ಇಲ್ಲೆ ಗಂಟು ಇಲ್ಲ, ಹರೀತು ಅಂದ್ರ ಹರೀತು. ಹಂಗಂತನ ಹೆಜ್ಜಿ ಹೆಜ್ಜಿಗೂ ತಲಿ ಓಡಸ್ಬೇಕು. ಆದ್ರ ರೊಟ್ಟಿ ಭಾಳ ಕಡಿಮಿ ಕೊಡ್ತಾನ, ಜಿಪುಣ."

ಕರೆಂಟು ಹೋದರೆ ಪೆಟ್ಟಿಗೆ ಎಲ್ಲವನ್ನೂ ಮರೆಯುತ್ತಿತ್ತು. ಬಾಗಲಕೋಟೆಯಲ್ಲಿ ಕರೆಂಟು ಹೋಗದ ದಿನ ಯಾವುದು? ಅದಕ್ಕೇ ಹುಲ್ಲಪ್ಪ ಗೋಡೆಗೆ ಕರಿಹಲಗೆ ತೂಗುಹಾಕಿ, ಯಾರು ಎಷ್ಟನೆಯ ಗವಿ ಮುಟ್ಟಿದರೆಂದು ಸೀಮೆಸುಣ್ಣದ ಖಡುವಿನಿಂದ ಬರೆಯುತ್ತಿದ್ದ. ಎಲ್ಲರ ಮೇಲೆ ಚಮನಸಾಬ, ಕಮತಗಿಯ ಗಡಿಯಾರ ರಿಪೇರಿಯವನು, ಹನ್ನೊಂದು. ಕೆಳಗೆ ಕನಕಪ್ಪ, ಹತ್ತು. ಆ ಹಲಗೆಯ ಮೇಲೆ ತನ್ನ ಹೆಸರು ಬರಬೇಕು ಅಂತ ಶಿವಬಸವ್ವನಿಗೆ ಆಸೆ ಹುಟ್ಟಿತು. ಹದಿನೆಂಟು ವರ್ಷ ಖಣ ನೇಯ್ದಿದ್ದಳು. ಒಂದು ಗಂಟಿನ ಮೇಲೂ ಅವಳ ಹೆಸರಿರಲಿಲ್ಲ. ಚೀಟಿಯಲ್ಲಿ ಇರುತ್ತಿದ್ದದ್ದು ಗಂಡನ ಹೆಸರು: ರಾಚಪ್ಪ.

ಕಳೆದ ಮಂಗಳವಾರ ಅದು ಆಗಿಯೇಹೋಯಿತು. ಅಂಗಡಿಯಲ್ಲಿ ಹುಲ್ಲಪ್ಪನ ಹೊರತು ಯಾರೂ ಇರಲಿಲ್ಲ. ಇಳಿದಳು, ಇಳಿದಳು, ಹದಿನಾಲ್ಕನೆಯ ಗವಿಯಲ್ಲಿ ಹಸಿವಿನಿಂದ ಸತ್ತಳು. ಹುಲ್ಲಪ್ಪ ಬಾಟಲಿ ಕೆಳಗಿಟ್ಟು ಬಾಯಿ ತೆರೆದು ನಿಂತಿದ್ದ. ಅಷ್ಟರಲ್ಲಿ ಬಸ್ಸು ಹಾರ್ನು ಹೊಡೆಯಿತು.

"ಅಕ್ಕಾರ, ಯಾರ ಮನಿಯವರ್ರಿ ನೀವು?" ಎಂದು ಕೂಗಿದ.

ಗಂಡನ ಹೆಸರು ಬಾಯಲ್ಲಿ ತರಬಾರದು, ಅವನ ಆಯುಷ್ಯ ಕಡಿಮೆಯಾಗುತ್ತದೆ. ತರಲೇಬೇಕೆಂದರೆ ಪ್ರಾಸದ ಒಡಪು ಕಟ್ಟಿ ಅದರಲ್ಲಿ ಸೇರಿಸಿ ಹೇಳಬೇಕು. ಬಸ್ಸು ಹೊರಟಿರುವಾಗ ಸೋಡಾ ಅಂಗಡಿಯ ಮುಂದೆ ಒಡಪು ಹೇಳುತ್ತ ನಿಲ್ಲಲಾದೀತೆ? ಪೇಟೆಯ ಅಂಗಡಿಯವರು ಬೇಡವೆಂದು ತಿರುಗಿಸಿದ್ದ ಸಣ್ಣ ಗಂಟೊಂದು ಕಂಕುಳಲ್ಲಿತ್ತು. ಅದರ ಚೀಟಿ ತೋರಿಸಿ ಓಡಿದಳು. ಯಾರ ಮನೆ ಅಂತ ಕೇಳಿದ, ತೋರಿಸಿದೆ. ಎರಡು ತಿಂಗಳಿಂದ ಬರುತ್ತಿದ್ದೇನೆ, ನನ್ನ ಹೆಸರು ಇವನಿಗೆ ಗೊತ್ತೇ ಇದೆಯಲ್ಲ, ಎಂದುಕೊಂಡಳು.

ಈ ಮಂಗಳವಾರ ಗಂಟು ದೊಡ್ಡದಿತ್ತು, ರಾಚಪ್ಪನೂ ಜೊತೆಗೆ ಬಂದ. ಅಂಗಡಿಯೊಳಗೆ ಕಾಲಿಟ್ಟವಳು ಮೊದಲು ನೋಡಿದ್ದು ಹಲಗೆಯನ್ನೇ. ಎಲ್ಲಕ್ಕಿಂತ ಮೇಲೆ, ದುಂಡಗೆ ಬರೆದಿತ್ತು: ರಾಚಪ್ಪ, ಗುಳೇದಗುಡ್ಡ, ಹದಿನಾಲ್ಕು.

ಗೆದ್ದಲು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಿತಂತೆ! ಶಿವಬಸವ್ವನ ಮೈಯೆಲ್ಲ ಉರಿದುಹೋಯಿತು.

"ಹುಲ್ಲಪ್ಪಣ್ಣ, ಆಡಿದಾಕಿ ಯಾರು? ನಿನ್ನ ಕಣ್ಣಾಗ ಮಣ್ಣು ಬಿದ್ದಿತ್ತೇನು?"

"ನೀವ ತೋರ್ಸಿದ್ರೆಲ್ಲ ಅಕ್ಕಾರ, ಅದನ್ನ ಬರದೆ. ಯಜಮಾನರ ಹೆಸರಿದ್ರ ಮನಿಗೇ ಶೋಭಾ ಅಲ್ಲೇನ್ರಿ?"

"ಯಾರ ಮನಿ ಅಂತ ಕೇಳ್ದಿ, ತೋರ್ಸಿದೆ. ಮನಿ ಬಂದು ಆಡಿತೇನು ಆಟ?"

ರಾಚಪ್ಪ ಒಳ್ಳೆಯ ಮನುಷ್ಯ, ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಈ ಸುದ್ದಿ ವಾರದೊಳಗೇ ಅವನ ಕಿವಿಗೆ ಬಿದ್ದಿತ್ತು. ಊರ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಬೆನ್ನು ತಟ್ಟಿದ್ದರು. ಆಡಿದವನು ನಾನಲ್ಲ ಅಂತ ಅವನು ಹೇಳಿರಲಿಲ್ಲ. ಈಗ ನೆಲ ನೋಡುತ್ತ ನಿಂತ.

"ನಿಮಗ ಗೊತ್ತಿತ್ತು?" ಎಂದಳು ಅವನ ಕಡೆ ತಿರುಗಿ.

"ಹೆಸರು ಯಾರದಾದ್ರೇನು, ಮನ್ಯಾಗಿಂದ ಅಲ್ಲೇನು" ಎಂದು ಗೊಣಗಿದ.

ಅಷ್ಟರಲ್ಲಿ ಚಮನಸಾಬ ಬಂದ, ಹಿಂದೆ ಐದಾರು ಮಂದಿ. ಅವನಿಗೆ ಹೊಟ್ಟೆಕಿಚ್ಚಿರಲಿಲ್ಲ, ಕುತೂಹಲವಿತ್ತು. "ನೀವೇನ್ರಿ ರಾಚಪ್ಪಣ್ಣಾರು? ಹದಿನಾಕು ಹೊಡದ ಕೈ ನೋಡಬೇಕಂತ ವಾರದಿಂದ ಕಾಯಾಕತ್ತೇನಿ. ಒಂದ ಆಟ ತೋರಸ್ರಿ."

ರಾಚಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನ ಗಂಟು ಬಿಚ್ಚಿ ಎಂಟಾಣೆ ತೆಗೆದು ಅವನ ಅಂಗೈಯಲ್ಲಿಟ್ಟಳು. "ಆಡ್ರಿ. ನಿಮ್ಮ ಹೆಸರೈತೆಲ್ಲ."

ನಾಲ್ಕು ಮಂದಿಯ ನಡುವೆ ಗಂಡಸು ಒಲ್ಲೆ ಅನ್ನಲಾಗದೆ ಪೆಟ್ಟಿಗೆಯ ಮುಂದೆ ನಿಂತ. ಕೋಲು ಯಾವುದು, ಗುಂಡಿ ಯಾವುದು ತಿಳಿಯಲಿಲ್ಲ. ಸಣ್ಣ ಮನುಷ್ಯ ಗೋಡೆಗೆ ಎರಡು ಸಲ ಹಾಯ್ದ, ಆಮೇಲೆ ನೆಟ್ಟಗೆ ಹೋಗಿ ಹಾವಿನ ಬಾಯಿಗೆ ಬಿದ್ದ. ಮೊದಲನೆಯ ಗವಿಯಲ್ಲೇ! ಅಂಗಡಿ ಬಿದ್ದುಬಿದ್ದು ನಕ್ಕಿತು. ರಾಚಪ್ಪನ ಹಣೆಯಲ್ಲಿ ಬೆವರೊಡೆಯಿತು. ಶಿವಬಸವ್ವನಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು, ಒಂದೇ ಗಳಿಗೆ.

"ಹದಿನಾಕು ಹೊಡದಾಕಿ ನಾನು" ಎಂದಳು ಎಲ್ಲರಿಗೂ ಕೇಳುವಂತೆ.

"ಹಂಗಾರ ಇನ್ನೊಮ್ಮಿ ಹೊಡೀರಿ" ಎಂದ ಹುಲ್ಲಪ್ಪ. ಕಣ್ಣಾರೆ ಕಂಡವನ ಮಾತು ನೋಡಿ ಇದು! "ಮಂದಿ ನಂಬ್ಬೇಕೆಲ್ಲ."

ಮಗ್ಗದ ಮುಂದೆ ಕೂರಿಸಿ ಅದೇ ಖಣ ಇನ್ನೊಂದು ನೇಯಿ ಅಂದರೆ ಎಳೆ ತಪ್ಪದೆ ನೇಯ್ದಾಳು. ಆದರೆ ಆ ಹದಿನಾಲ್ಕು ಗವಿಗಳು ಈಗ ಎಲ್ಲಿವೆ? ಯಾವ ಪೆಟ್ಟಿಗೆಯೂ ಅವನ್ನು ತಿರುಗಿ ಕೊಡುವುದಿಲ್ಲ. ಆದರೂ ನಿಂತಳು. ಸಿಟ್ಟಿನಲ್ಲಿ ಆ ಆಟ ಆಡಬಾರದು, ಅದು ಅವಳಿಗೂ ಗೊತ್ತು. ಐದನೆಯ ಗವಿಯಲ್ಲಿ ದೀಪ ಕಳೆದುಕೊಂಡಳು. ಏಳನೆಯದರಲ್ಲಿ ಕತ್ತಲಲ್ಲೇ ಗೋಡೆ ಹಿಡಿದು ದಾರಿ ಹುಡುಕಿದಳು. ನಗುವವರು ನಗು ನಿಲ್ಲಿಸಿದರು. ಚಮನಸಾಬ ಪೆಟ್ಟಿಗೆಯ ಹತ್ತಿರಕ್ಕೆ ಬಗ್ಗಿದ. ಒಂಬತ್ತನೆಯದರಲ್ಲಿ ಮೂರು ಹಾವು ಒಟ್ಟಿಗೆ ಬಂದವು, ಮುಗಿಯಿತು.

"ವಾಹ್!" ಎಂದ ಚಮನಸಾಬ. "ದೀಪ ಇಲ್ಲದ ನಾಕು ಗವಿ ನನ್ನ ಕೈಲೆ ಆಗೂದಿಲ್ಲ."

ಹುಲ್ಲಪ್ಪ ಸಮಾಧಾನದ ಧ್ವನಿ ತೆಗೆದ. "ಆತಲ್ರಿ ಅಕ್ಕಾರ. ಒಂಬತ್ತು ಅಂದ್ರ ನಾಕನೇ ನಂಬರ್. ಹದಿನಾಕು ಹಂಗ ಇರ್ಲಿ ಬಿಡ್ರಿ, ಮನಿ ಹೆಸರು ಮ್ಯಾಲಿರ್ತೈತಿ."

"ಅಳಸು."

"ಏನ್ರಿ?"

"ಆ ಹದಿನಾಕು ಅಳಸು. ಒಂಬತ್ತು ಬರಿ."

"ಹುಚ್ಚೇನ ನಿನಗ?" ಎಂದ ರಾಚಪ್ಪ. "ಬಂದದ್ದನ್ನ ಯಾಕ ಕಳೀತಿ?"

"ನನಗೆಲ್ಲಿ ಬಂದಿತ್ರಿ ಅದು? ಬಂದದ್ದು ನಿಮಗ."

ಹುಲ್ಲಪ್ಪ ಬಟ್ಟೆ ತೆಗೆದುಕೊಂಡು ಮೇಲಿನ ಸಾಲು ಒರೆಸಿದ. ಚಮನಸಾಬನ ಹೆಸರು ಮತ್ತೆ ಮೊದಲಾಯಿತು, ಕನಕಪ್ಪನದು ಎರಡನೆಯದು. ಕೆಳಗೆ ಖಡು ಊರಿ, ಅಭ್ಯಾಸಬಲದಿಂದ ಕೇಳಿದ: "ಯಾರ ಮನಿಯವರು ಅಂತ..."

"ಶಿವಬಸವ್ವ. ಅಷ್ಟ."

ಬರೆದ. ಮೂರನೆಯ ಸಾಲು, ಬೆಳ್ಳಗೆ. ಅವಳು ಒಂದೊಂದೇ ಅಕ್ಷರ ಓದಿ ನೋಡಿದಳು. ಹೊರಗೆ ಗುಳೇದಗುಡ್ಡದ ಬಸ್ಸು ಹಾರ್ನು ಹೊಡೆಯುತ್ತಿತ್ತು.

"ಮುಂದಿನ ಮಂಗಳಾರ ಇಪ್ಪತ್ತು ಹೊಡೀತೀರಿ ಬಿಡ್ರಿ ಅಕ್ಕಾರ" ಎಂದ ಹುಲ್ಲಪ್ಪ, ಬೆಣ್ಣೆ ಹಚ್ಚುತ್ತ.

"ಹೊಡದ್ರ ಹೊಡದೆ, ಸತ್ರ ಸತ್ತೆ" ಎಂದಳು ಶಿವಬಸವ್ವ ಮೆಟ್ಟಿಲಿಳಿಯುತ್ತ. "ಸತ್ತಾಕಿ ಯಾರು ಅಂತ ಮಾತ್ರ ನೆಟ್ಟಗ ಬರಿ."